ಶನಿವಾರದ ಗಾಣಿಗರು

ನನ್ನ ಅಡ್ಡಹೆಸರು ಗಾಣಿಗೇರ. ಬಾಗಲಕೋಟೆ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ. ಮುಂಬಯಿಗೆ ಬಂದ ಮೇಲೆ ಮಾತ್ರ ಈ ಹೆಸರು ಯಾರ ಬಾಯಲ್ಲೂ ಸರಿಯಾಗಿ ನಿಲ್ಲಲಿಲ್ಲ. ಗನಿಗರ್, ಗಣೇಕರ್, ಒಬ್ಬ ಬ್ಯಾಂಕಿನವನ ಕೈಯಲ್ಲಿ ಗನ್ನೇರಿ ಕೂಡ ಆಗಿದ್ದೇನೆ. 1989ರಲ್ಲಿ ಕೋಟೆ ಪ್ರದೇಶದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ವಾರ, ನಮ್ಮ ಹೆಡ್ ಕ್ಲಾರ್ಕ್ ನನ್ನ ಅರ್ಜಿಯನ್ನು ಹಿಡಿದುಕೊಂಡು, ಕನ್ನಡಕದ ಮೇಲಿನಿಂದ ನೋಡುತ್ತಾ, ಈ ಹೆಸರಿನ ಅರ್ಥ ಏನಪ್ಪಾ ಎಂದು ಮರಾಠಿಯಲ್ಲಿ ಕೇಳಿದರು. ಎಣ್ಣೆ ಗಾಣದವರು, ಇಲ್ಲಿ ನೀವು ತೇಲಿ ಅನ್ನುತ್ತೀರಲ್ಲ ಅವರು ಎಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು.

‘ಹಾಗಾದರೆ ನೀವು ಸೋಮವಾರದವರು. ನಾವು ಶನಿವಾರದವರು.’

ಏನೂ ತಿಳಿಯಲಿಲ್ಲ. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅಡ್ಡಹೆಸರು ಅಲಿಬಾಗ್ ಹತ್ತಿರದ ಒಂದು ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿದ್ದು. ಮನೆಮಾತು ಮರಾಠಿ. ಡಬ್ಬಿಯಲ್ಲಿ ತೆಂಗಿನ ಹಾಲಿನ ಮೀನುಸಾರು, ಅನ್ನ. ಕೊಂಕಣದ ಮರಾಠರಿರಬೇಕು ಎಂದುಕೊಂಡಿದ್ದೆ. ಅವರು ಯಹೂದ್ಯರು ಎಂದು ಗೊತ್ತಾಗಲು ಅಂದಿನ ಊಟದ ಹೊತ್ತು ಬೇಕಾಯಿತು. ಆ ಮೊದಲು ಯಹೂದ್ಯರು ಎಂದರೆ ನನಗೆ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಹಿಟ್ಲರನ ಪಾಠದೊಂದಿಗೆ ಬರುವ ಜನ, ಅಷ್ಟೇ. ಅವರಲ್ಲಿ ಎಣ್ಣೆ ಗಾಣ ತಿರುಗಿಸಿದವರೂ ಇದ್ದಾರೆ, ಅದೂ ಭಾವುಚಾ ಧಕ್ಕಾದಿಂದ ಲಾಂಚು ಹಿಡಿದು ಹೋಗಿ ಬರುವಷ್ಟು ದೂರದಲ್ಲಿ ಎಂದು ಯಾರೂ ಹೇಳಿರಲಿಲ್ಲ.

ಸೋಮವಾರದ ವಿಷಯ ನನಗೆ ವಿವರಿಸಬೇಕಾಗಿರಲಿಲ್ಲ. ನಮ್ಮ ಹಿತ್ತಲಿನ ಗಾಣ ನಾನು ಹುಟ್ಟುವ ಹೊತ್ತಿಗೆ ನಿಂತೇಹೋಗಿತ್ತು. ಕಲ್ಲಿನ ಬುಡ ಮಾತ್ರ ಉಳಿದು ಅದರಲ್ಲಿ ಮಳೆನೀರು ನಿಲ್ಲುತ್ತಿತ್ತು. ಆದರೆ ಹೊಲಕ್ಕೆ ಎತ್ತುಗಳಿದ್ದವು. ‘ಸ್ವಾಮಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಬಸವಣ್ಣನ ವಾರ ಅದು’ ಎಂದು ಅಜ್ಜ ಕೆಲಸದವರನ್ನು ಬಯ್ಯುತ್ತಿದ್ದುದು ನೆನಪಿದೆ. ಗಾಣ ಇದ್ದ ಕಾಲದಲ್ಲಿ ಸೋಮವಾರ ಕುಸುಬೆ ಎಣ್ಣೆಗೆಂದು ಬಂದವರು ಖಾಲಿ ತಂಬಿಗೆ ಹಿಡಿದು ಹಿಂದಿರುಗಬೇಕಾಗುತ್ತಿತ್ತಂತೆ. ಮಹಾರಾಷ್ಟ್ರದಲ್ಲಿ ಹೀಗೆ ಸೋಮವಾರ ಗಾಣ ನಿಲ್ಲಿಸುವವರನ್ನು ಸೋಮವಾರ ತೇಲಿಗಳೆಂದೇ ಕರೆಯುತ್ತಿದ್ದರು. ಅದೇ ಲೆಕ್ಕದಲ್ಲಿ ಶನಿವಾರ ನಿಲ್ಲಿಸುವವರು ‘ಶನ್ವಾರ್ ತೇಲಿ’ಗಳು. ಹಳ್ಳಿಯವರಿಗೆ ಅದು ಒಂದು ಒಳಪಂಗಡ, ಅಷ್ಟೇ. ಯಾವ ದಿನ ಎಣ್ಣೆ ಸಿಗುವುದಿಲ್ಲ ಎಂಬುದು ಗಿರಾಕಿಗೆ ಗೊತ್ತಿರಬೇಕು, ಯಾಕೆ ಸಿಗುವುದಿಲ್ಲ ಎಂಬುದು ಅವನಿಗೆ ಬೇಕಿಲ್ಲ.

ಈ ಶನಿವಾರದವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಬೆನೆ ಇಸ್ರಾಯೇಲ್ ಎಂದು. ಇಸ್ರಾಯೇಲನ ಮಕ್ಕಳು ಎಂದರ್ಥ. ಇವರು ಹರಡಿಕೊಂಡಿದ್ದುದು ಇಂದಿನ ರಾಯಗಡ ಜಿಲ್ಲೆಯಲ್ಲಿ. 1981ರವರೆಗೂ ಅದು ಕೊಲಾಬಾ ಜಿಲ್ಲೆ. ಅಲಿಬಾಗ್, ಪೇಣ್, ರೋಹಾ, ಪನ್ವೇಲ್, ಚೌಲ್, ರೇವದಂಡಾ ಸುತ್ತಿನ ಹಳ್ಳಿಗಳಲ್ಲಿ ಒಂದೆರಡು, ಹೆಚ್ಚೆಂದರೆ ಹತ್ತಾರು ಮನೆ. ಎಲ್ಲೂ ಗುಂಪಾಗಿ ಒಂದು ಊರನ್ನೇ ಕಟ್ಟಿಕೊಂಡವರಲ್ಲ. ಒಂದು ಊರಿಗೆ ಬೇಕಾಗುವುದು ಒಂದೋ ಎರಡೋ ಗಾಣ ತಾನೇ?

ಅವರ ಕಥೆ ಒಂದು ಹಡಗು ಒಡೆಯುವುದರಿಂದ ಶುರುವಾಗುತ್ತದೆ. ದೂರದ ಗಲಿಲಿಯಿಂದ ತಪ್ಪಿಸಿಕೊಂಡು ಹೊರಟ ಹಡಗು ಅಲಿಬಾಗಿನ ಉತ್ತರಕ್ಕಿರುವ ನವಗಾಂವ್ ಹತ್ತಿರ ಬಂಡೆಗೆ ಬಡಿದು ಮುಳುಗಿತು, ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು. ತೇಲಿಬಂದ ಹೆಣಗಳನ್ನು ಅಲ್ಲೇ ಎರಡು ದಿಬ್ಬಗಳಲ್ಲಿ, ಗಂಡಸರನ್ನು ಒಂದರಲ್ಲಿ, ಹೆಂಗಸರನ್ನು ಒಂದರಲ್ಲಿ ಮಣ್ಣುಮಾಡಿದರು. ಗ್ರಂಥಗಳೂ ನೀರುಪಾಲಾದವು. ಈ ಸಮುದಾಯದ ಚರಿತ್ರೆಯನ್ನು ಮೊದಲು ವಿವರವಾಗಿ ಬರೆದ ಹಾಯೀಮ್ ಸಾಮ್ಯುಯೆಲ್ ಕೇಹಿಮ್‌ಕರ್ ಇದು ಕ್ರಿಸ್ತಪೂರ್ವ 175ರ ಸುಮಾರಿಗೆ ಆಗಿರಬೇಕು ಎಂದು ವಾದಿಸಿದರು. ಅವರ ಬಳಿ ಇದ್ದ ಒಂದು ತರ್ಕ ಸ್ವಾರಸ್ಯಕರ: ಕೊಂಕಣದ ಈ ಜನಕ್ಕೆ ಹನುಕ್ಕಾ ಹಬ್ಬ ಗೊತ್ತಿರಲಿಲ್ಲ, ಆ ಹಬ್ಬಕ್ಕೆ ಕಾರಣವಾದ ಘಟನೆ ನಡೆಯುವ ಮೊದಲೇ ಇವರು ಹೊರಟಿರಬೇಕು. ಒಪ್ಪದ ವಿದ್ವಾಂಸರು ಬೇಕಾದಷ್ಟಿದ್ದಾರೆ, ನೂರಾರು ವರ್ಷ ಈಚೆಗೆ ಎಳೆಯುವವರೂ ಇದ್ದಾರೆ. ಏಳು ಜೋಡಿ ಎಂಬುದು ನನ್ನಂಥವನ ಕಿವಿಗೂ ಕಥೆಯ ಲೆಕ್ಕದಂತೆಯೇ ಕೇಳಿಸುತ್ತದೆ. ಆದರೆ ಬರಿಗೈಯಲ್ಲಿ ಬಂದವರು ಎಂಬ ಭಾಗವನ್ನು ನಂಬಲು ಕಷ್ಟವಿಲ್ಲ. ಗಾಣದ ಕೆಲಸವನ್ನು ಯಾರೂ ಪ್ರತಿಷ್ಠೆಗಾಗಿ ಹಿಡಿಯುವುದಿಲ್ಲ.

ಪುಸ್ತಕವಿಲ್ಲ, ಪುರೋಹಿತನಿಲ್ಲ, ಹೀಬ್ರೂ ಭಾಷೆ ಮರೆತುಹೋಗಿದೆ. ಉಳಿದದ್ದು ಏನು? ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ. ಶಲ್ಕ, ರೆಕ್ಕೆ ಇಲ್ಲದ ಮೀನು ತಿನ್ನದಿರುವುದು. ‘ಶೆಮಾ’ ಎಂಬ ಒಂದೇ ಒಂದು ಪ್ರಾರ್ಥನೆ; ಮದುವೆಗೂ ಅದೇ, ಸುನ್ನತಿಗೂ ಅದೇ, ಸಾವಿಗೂ ಅದೇ. ಮತ್ತೆ ಶನಿವಾರ.

ಹಬ್ಬಗಳೂ ಉಳಿದಿದ್ದವು, ಹೆಸರು ಬದಲಾಗಿತ್ತು. ಇದನ್ನು ಕಾಕಾ ಹೇಳುವಾಗ ನಾನು ಡಬ್ಬಿ ಮುಚ್ಚಳದ ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಹೊಸವರ್ಷಕ್ಕೆ ‘ನವ್ಯಾಚಾ ಸಣ’, ಹೊಸದರ ಹಬ್ಬ. ಅದರ ಬೆನ್ನಿಗೆ ‘ಖಿರೀಚಾ ಸಣ’, ಪಾಯಸದ ಹಬ್ಬ. ಜಗತ್ತಿನ ಯಹೂದ್ಯರು ಯೋಮ್ ಕಿಪ್ಪುರ್ ಎನ್ನುವ ದಿನಕ್ಕೆ ಇವರಲ್ಲಿ ‘ದಾರಫಳಣೀಚಾ ಸಣ’, ಬಾಗಿಲು ಮುಚ್ಚುವ ಹಬ್ಬ. ಅಂದು ಬಿಳಿಬಟ್ಟೆ ತೊಟ್ಟು, ಉಪವಾಸವಿದ್ದು, ಬಾಗಿಲು ಹಾಕಿಕೊಂಡು ಕೂರುವುದು, ಹೊರಗಿನವರನ್ನು ಮುಟ್ಟದಿರುವುದು. ಮಾರನೆಯ ದಿನ ‘ಶಿಳಾ ಸಣ’, ಅಂದರೆ ತಂಗಳ ಹಬ್ಬ. ಆಗ ಬಾಗಿಲು ತೆರೆದು ನೆಂಟರ ಮನೆಗೆ ಹೋಗುವುದು, ಬಡವರಿಗೆ ಕೊಡುವುದು. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ದಿನ ಇವರಿಗೆ ‘ಬಿರಡ್ಯಾಚಾ ಸಣ’. ಬಿರಡೇ ಎಂದರೆ ಮೊಳಕೆ ಬರಿಸಿ ಸಿಪ್ಪೆ ಸುಲಿದ ಅವರೆಯ ಪಲ್ಯ. ನಮ್ಮ ಹಳೇ ಮೈಸೂರಿನವರ ಹಿತಕಿದವರೆಯ ಕೊಂಕಣಿ ದಾಯಾದಿ ಎನ್ನಬಹುದು. ದೇವಾಲಯ ಮರೆತುಹೋಯಿತು, ಅವರೆ ಉಳಿಯಿತು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಅನಾಶೀ ಧಾಕಾಚಾ ಸಣ’. ಅನಸ್ ಎಂಬುದು ಹುಳಿ ಬರಿಸಿಟ್ಟ ಒಂದು ರಸ. ಅದರ ಮಡಕೆಯ ಬಾಯನ್ನು ಎಂಟು ದಿನ ಮುಚ್ಚಿಡಬೇಕು. ಯಾಕೆ? ಗೊತ್ತಿಲ್ಲ, ಅತ್ತೆ ಮುಚ್ಚುತ್ತಿದ್ದಳು, ಸೊಸೆಯೂ ಮುಚ್ಚುತ್ತಾಳೆ. ಯಹೂದ್ಯರ ಪಾಸ್ಕ ಹಬ್ಬದ ಎಂಟು ದಿನ ಹುಳಿ ಬಂದದ್ದನ್ನು ಮನೆಯಲ್ಲಿ ಇಡಬಾರದು ಎಂಬ ಕಟ್ಟಳೆ ಇದೆ. ಈಜಿಪ್ಟಿನಿಂದ ಹೊರಟ ಕಥೆ ಅಳಿಸಿಹೋದ ಮೇಲೂ ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ ಮಾತ್ರ ವರ್ಷ ವರ್ಷವೂ ಬಂದಿದೆ. ನಮ್ಮ ಮನೆಗಳಲ್ಲೂ ಇಂಥವು ಎಷ್ಟಿಲ್ಲ!

ಹೆಸರುಗಳದೂ ಇದೇ ಪಾಡು. ಅಬ್ರಹಾಮ ಅಬಾಜಿಯಾದ, ಐಸಾಕ್ ಇಸಾಜಿಯಾದ, ಸಾಮ್ಯುಯೆಲ್ ಸಾಮಾಜಿ, ಎಜೆಕಿಯಲ್ ಹಸಾಜಿ. ಅಡ್ಡಹೆಸರು ಊರಿನದು: ಕಿಹೀಮಿನವರು ಕೇಹಿಮ್‌ಕರ್, ಪೇಣಿನವರು ಪೇಣಕರ್, ರೋಹಾದವರು ರೋಹೇಕರ್, ಚೌಲಿನವರು ಚೇವುಲಕರ್. ‘ಬೂಟ್ ಪಾಲಿಶ್’ ಚಿತ್ರದಲ್ಲಿ ಜಾನ್ ಚಾಚಾ ಆಗಿ ನಮ್ಮನ್ನೆಲ್ಲ ಅಳಿಸಿದ ನಟ ಡೇವಿಡ್, ಪೂರ್ತಿ ಹೆಸರು ಡೇವಿಡ್ ಅಬ್ರಹಾಂ ಚೇವುಲಕರ್, ಇವರವರೇ. ಹೀಗೆ ಊರು, ಹೆಸರು, ನುಡಿ, ಸೀರೆ, ಮಂಗಳಸೂತ್ರ ಎಲ್ಲವೂ ಮರಾಠಿಯಾದ ಮೇಲೆ ಅಕ್ಕಪಕ್ಕದವರಿಂದ ಇವರನ್ನು ಬೇರ್ಪಡಿಸಿ ತೋರಿಸುವುದಕ್ಕೆ ಉಳಿದದ್ದು ಒಂದು ನಿಂತ ಗಾಣ. ಬೇರೆಯವರು ಕೊಟ್ಟ, ಸ್ವಲ್ಪ ತುಚ್ಛವಾಗಿಯೇ ಹೇಳುತ್ತಿದ್ದ ಹೆಸರಿನಲ್ಲಿ ಅವರ ಧರ್ಮದ ಮುಖ್ಯ ಕಟ್ಟಳೆ ಕೂತುಬಿಟ್ಟಿತ್ತು.

ಆ ಕಟ್ಟಳೆಯಲ್ಲಿ ಒಂದು ಮಾತು ಗಮನಿಸಬೇಕು. ಏಳನೆಯ ದಿನ ಕೆಲಸ ಮಾಡಬಾರದು ಎಂಬ ಆಜ್ಞೆ ಮನುಷ್ಯನಿಗೆ ಮಾತ್ರ ಅಲ್ಲ, ಮನೆಯ ದನಕರುಗಳಿಗೂ ಅನ್ವಯಿಸುತ್ತದೆ. ಕಾಕಾ ಇದನ್ನು ಹೇಳಿದಾಗ ನಾನು ಅಜ್ಜನ ಸೋಮವಾರವನ್ನು ಹೇಳಿದೆ. ಇಬ್ಬರ ಧರ್ಮಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ದಿನವಿಡೀ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಒಂದೇ ಸುತ್ತಿನಲ್ಲಿ ನಡೆಯುವ ಎತ್ತಿಗೆ ವಾರಕ್ಕೆ ಒಂದು ದಿನ ಪಟ್ಟಿ ಬಿಚ್ಚಬೇಕು ಎಂದು ಎರಡು ಕಡೆಯವರಿಗೂ ಅನ್ನಿಸಿತ್ತು.

ಇವರು ಯಹೂದ್ಯರು ಎಂದು ಮೊದಲು ಗುರುತಿಸಿದವನು ದಾವೀದ ರಹಾಬಿ ಎಂಬುದು ಅವರ ಪರಂಪರೆ. ಎಲ್ಲಿಂದಲೋ ಬಂದ ಈತ ಒಂದು ಮನೆಯಲ್ಲಿ ಬಗೆಬಗೆಯ ಮೀನು ತಂದುಕೊಟ್ಟು ಅಡಿಗೆ ಮಾಡಲು ಹೇಳಿದನಂತೆ. ಹೆಂಗಸರು ಶಲ್ಕ, ರೆಕ್ಕೆ ಇರುವುದನ್ನು ಬೇರೆ ಮಾಡಿ ಉಳಿದದ್ದು ನಾವು ತಿನ್ನುವುದಿಲ್ಲ ಎಂದರು. ಅವನಿಗೆ ಅಷ್ಟೇ ಸಾಕಾಯಿತು. ಮೂರು ಮನೆತನದವರಿಗೆ ವಿಧಿಗಳನ್ನು ಕಲಿಸಿ ಕಾಜಿಗಳನ್ನಾಗಿ ಮಾಡಿ ಹೋದ. ರಹಾಬಿಯ ಕಾಲವನ್ನು ಒಬ್ಬರು ಸಾವಿರ ವರ್ಷ ಹಿಂದಕ್ಕೆ ಒಯ್ದರೆ, ಮತ್ತೊಬ್ಬರು ಹದಿನೆಂಟನೆಯ ಶತಮಾನದ ಕೊಚ್ಚಿಯ ರಹಾಬಿ ಮನೆತನದವನೇ ಅವನು ಎನ್ನುತ್ತಾರೆ. ಕಾಲ ಯಾವುದೇ ಇರಲಿ, ಪರೀಕ್ಷೆ ನಡೆದದ್ದು ಅಡಿಗೆಮನೆಯಲ್ಲಿ, ಉತ್ತೀರ್ಣರಾದವರು ಹೆಂಗಸರು. ಕಾಜಿಗಳಾದವರು ಗಂಡಸರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ನಮ್ಮ ನಾಡಿಗೆ ತಾಗುವ ಭಾಗ. ನಾನು ಡೊಂಬಿವಿಲಿಯಿಂದ ವಿ.ಟಿ.ಗೆ ಮೂವತ್ತು ವರ್ಷ ಓಡಾಡಿದವನು. ಕೊನೆಯ ನಿಲ್ದಾಣಕ್ಕೆ ಒಂದು ನಿಲ್ದಾಣ ಮುಂಚೆ ಮಸ್ಜಿದ್ ಬರುತ್ತದೆ. ಯಾವ ಮಸೀದಿಯ ಹೆಸರು ಇದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಾಕಾ ಹೇಳಿದರು: ‘ಅದು ನಮ್ಮದು. ನಾವು ನಮ್ಮ ಪ್ರಾರ್ಥನಾಮಂದಿರಕ್ಕೆ ಮಸ್ಜಿದ್ ಎಂದೇ ಅನ್ನುತ್ತಿದ್ದೆವು. ಅದು ಜುನಿ ಮಸ್ಜಿದ್, ಹಳೆಯ ಮಸೀದಿ. ಅದನ್ನು ಕಟ್ಟಿಸಿದವನು ನಿಮ್ಮ ಟಿಪ್ಪುವಿನ ಕೈಯಲ್ಲಿ ಸಿಕ್ಕಿಬಿದ್ದಿದ್ದ.’

ಅವನ ಹೆಸರು ಸಾಮಾಜಿ ಹಸಾಜಿ ದಿವೇಕರ್, ಅಂದರೆ ಸಾಮ್ಯುಯೆಲ್ ಎಜೆಕಿಯಲ್. ಹದಿನೆಂಟನೆಯ ಶತಮಾನದಲ್ಲಿ ಬೆನೆ ಇಸ್ರಾಯೇಲರಲ್ಲಿ ಕೆಲವರು ಗಾಣ ಬಿಟ್ಟು ಮುಂಬಯಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಪಲ್ಟನ್‌ಗಳಿಗೆ ಸೇರತೊಡಗಿದ್ದರು. ದಿವೇಕರ್ ದೇಶೀ ಅಧಿಕಾರಿಯ ಮಟ್ಟಕ್ಕೆ ಏರಿದವನು. ಎರಡನೆಯ ಮೈಸೂರು ಯುದ್ಧದಲ್ಲಿ ಮುಂಬಯಿಯ ಸೈನ್ಯ ನಮ್ಮ ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಿ 1783ರಲ್ಲಿ ಬಿದನೂರನ್ನು ಹಿಡಿದದ್ದು, ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದು ಜನರಲ್ ಮ್ಯಾಥ್ಯೂಸನನ್ನೂ ಅವನ ಕಡೆಯವರನ್ನೂ ಸೆರೆಹಿಡಿದದ್ದು ಚರಿತ್ರೆ. ಅದೇ ಯುದ್ಧದಲ್ಲಿ ದಿವೇಕರನೂ ಸೆರೆಯಾಳಾದ. ಮುಂದಿನದು ಅವನ ಜನ ಹೇಳಿಕೊಂಡು ಬಂದ ಕಥೆ. ಸೆರೆಯಾಳುಗಳನ್ನು ಸುಲ್ತಾನನ ಎದುರು ನಿಲ್ಲಿಸಿ ಒಬ್ಬೊಬ್ಬರ ಹೆಸರು, ಜಾತಿ ಕೇಳಿದರು. ಇವನ ಸರದಿ ಬಂದಾಗ ಬೆನೆ ಇಸ್ರಾಯೇಲ್ ಎಂದ. ಟಿಪ್ಪುವಿನ ತಾಯಿ ಅದನ್ನು ಕೇಳಿ, ಕುರಾನಿನಲ್ಲಿ ಈ ಹೆಸರು ಬರುತ್ತದೆ, ಅಂಥವರನ್ನು ನಾನು ಕಂಡೇ ಇಲ್ಲ, ಇವನನ್ನು ಉಳಿಸು ಎಂದು ಮಗನಿಗೆ ಹೇಳಿದಳಂತೆ. ಹೀಗೆ ಜೀವ ಉಳಿಯಿತು.

ಈ ಕಥೆಯನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅವನ ಊರಿನಲ್ಲಿ ಅದೇ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಬರುತ್ತಿದ್ದ ಉತ್ತರ ಶನ್ವಾರ್ ತೇಲಿ. ಆ ಉತ್ತರ ಶ್ರೀರಂಗಪಟ್ಟಣದಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಸೆರೆಯಾಳು ಗಾಣಿಗನಿಗೆ ಯಾವ ರಾಜಮಾತೆಯೂ ಮಧ್ಯೆ ಬರುವುದಿಲ್ಲ. ಯೆಹೂದಿ ಎಂದಿದ್ದರೂ ಏನಾಗುತ್ತಿತ್ತೋ. ಯೆಹೂದಿ ಎಂಬ ಮಾತಿಗೆ ಮುಸ್ಲಿಂ ಆಳ್ವಿಕೆಯಲ್ಲಿ ಒಳ್ಳೆಯ ಧ್ವನಿ ಇರಲಿಲ್ಲ, ಇಸ್ರಾಯೇಲನ ಮಕ್ಕಳು ಎಂಬುದಕ್ಕೆ ಇತ್ತು, ಆದ್ದರಿಂದಲೇ ಇವರು ಈ ಹೆಸರನ್ನು ಇಟ್ಟುಕೊಂಡಿರಬೇಕು ಎಂದು ಹೇಳುವವರೂ ಇದ್ದಾರೆ. ಒಂದೇ ಜನಕ್ಕೆ ಎರಡು ಹೆಸರು: ಒಂದು ಊರೊಳಗೆ ಹೊಟ್ಟೆ ಹೊರೆದುಕೊಳ್ಳಲು, ಒಂದು ಊರಾಚೆ ತಲೆ ಉಳಿಸಿಕೊಳ್ಳಲು. ಒಮ್ಮೆ ರಜೆಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ ಸೆರೆಮನೆಯ ಕಮಾನುಗಳ ಕೆಳಗೆ ನಿಂತು ಹೆಂಡತಿಗೆ ಇದನ್ನು ಹೇಳಿದೆ. ಗೈಡು ಹತ್ತಿರ ಬಂದು, ಅಂಥದ್ದೇನೂ ಇಲ್ಲಿ ನಡೆದಿಲ್ಲ ಸಾರ್, ಎಂದು ನನ್ನನ್ನು ತಿದ್ದಿದ.

ಬಿಡುಗಡೆಯಾದ ದಿವೇಕರ್ ಹರಕೆ ತೀರಿಸಲೆಂದು 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಆ ಸಮುದಾಯದ ಮೊದಲ ಪ್ರಾರ್ಥನಾಮಂದಿರ ಕಟ್ಟಿಸಿದ. ‘ಶಾರ್ ಹಾರಹಮೀಮ್’, ಕರುಣೆಯ ಬಾಗಿಲು. ಅದಕ್ಕೆ ಧರ್ಮಗ್ರಂಥದ ಸುರುಳಿ ತರಲು ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲೇ ತೀರಿಕೊಂಡ. ಇಂದಿಗೂ ಆ ಬೀದಿ ಸಾಮ್ಯುಯೆಲ್ ಸ್ಟ್ರೀಟ್. ನಿಲ್ದಾಣಕ್ಕೆ ಮಸ್ಜಿದ್ ಎಂದು ಹೆಸರು ಬಂದದ್ದೂ ಈ ಮಂದಿರದಿಂದಲೇ ಎನ್ನುತ್ತಾರೆ. ಕೈಗಾಡಿ, ಹಮಾಲರು, ಗೋಣಿಚೀಲದ ನಡುವೆ ದಾರಿ ಮಾಡಿಕೊಂಡು ಒಮ್ಮೆ ಹೋಗಿ ನೋಡಿ. ಬಾಗಿಲು ಮುಚ್ಚಿದ್ದರೂ ಬೀದಿಯ ಹೆಸರನ್ನಾದರೂ ಓದಿ ಬರಬಹುದು.

ಅಲ್ಲಿಂದ ಮುಂದೆ ಕಥೆ ಬೇಗ ಓಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಬಂದರು. ಮತಾಂತರದ ಆಸೆಯಿಂದ ಶಾಲೆ ತೆರೆದರು, ಹಳೆಯ ಒಡಂಬಡಿಕೆಯನ್ನು ಮರಾಠಿಯಲ್ಲಿ ಕೈಗಿಟ್ಟರು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೇ ಬರೆದರು. ಬೆನೆ ಇಸ್ರಾಯೇಲರು ಹೀಬ್ರೂ ಕಲಿತರು, ಬೈಬಲ್ ಓದಿದರು, ಮಡಕೆಯ ಬಾಯನ್ನು ಯಾಕೆ ಮುಚ್ಚುತ್ತಿದ್ದೆವು ಎಂದು ತಿಳಿದುಕೊಂಡರು, ಮತ್ತೆ ಕ್ರೈಸ್ತರಾಗುವ ಬದಲು ಇನ್ನೂ ಗಟ್ಟಿ ಯಹೂದ್ಯರಾದರು. ನಮ್ಮ ಹರಿಕಥೆಯಂತೆ ಮರಾಠಿ ಕೀರ್ತನೆಯಲ್ಲಿ ಅಬ್ರಹಾಮ, ಮೋಶೆಯರ ಕಥೆ ಹಾಡಿದರು. ರೈಲ್ವೆ, ಅಂಚೆ, ಆಸ್ಪತ್ರೆ, ಗೋದಿಗಳಲ್ಲಿ ನೌಕರಿ ಹಿಡಿದರು. 1937ರಲ್ಲಿ ಡಾ. ಎಲಿಜಾ ಮೋಸೆಸ್ ಮುಂಬಯಿಯ ಮೇಯರ್ ಆದರು. ವರಳಿಯ ಇ. ಮೋಸೆಸ್ ರಸ್ತೆಯಲ್ಲಿ ನಮ್ಮ ಕನ್ನಡಿಗರು ಎಷ್ಟು ಮಂದಿ ಬಸ್ಸಿಗೆ ಕಾದಿದ್ದಾರೋ!

ನೌಕರಿ ಬಂದ ಹಾಗೆ ‘ಶನ್ವಾರ್ ತೇಲಿ’ ಎಂಬುದು ಉದುರಿತು. 1883ರ ಕೊಲಾಬಾ ಜಿಲ್ಲೆಯ ಗೆಜೆಟಿಯರ್ ಆ ಹೆಸರನ್ನು ಇನ್ನೂ ದಾಖಲಿಸುತ್ತದೆ, ನಗರದಲ್ಲಿ ಹುಟ್ಟಿದವರು ಆ ಮಾತನ್ನೇ ಆಡುತ್ತಿರಲಿಲ್ಲ. ಕಾಕಾ ಒಂದು ಸಲ ಚಿಕ್ಕಂದಿನಲ್ಲಿ ಜಗಳದ ಮಧ್ಯೆ ಯಾರೋ ಹಾಗೆ ಕರೆದದ್ದನ್ನು ಮನೆಯಲ್ಲಿ ಹೇಳಿದಾಗ, ಅವರ ತಂದೆ, ನಾವು ಗಾಣ ಹೊಡೆದವರಲ್ಲ, ನಮ್ಮದು ಪಲ್ಟನ್ ಮನೆತನ, ಎಂದಿದ್ದರಂತೆ. ‘ಸುಳ್ಳು,’ ಎಂದರು ಕಾಕಾ. ‘ನನ್ನ ಮುತ್ತಜ್ಜನ ಗಾಣದ ಕಲ್ಲು ಊರಲ್ಲಿತ್ತು. ಅಪ್ಪನೇ ಅದನ್ನು ಬಾವಿಕಟ್ಟೆಗೆ ಹಾಕಿಸಿದ್ದ.’

ಒಳಗೂ ಎಲ್ಲ ಸಮವಾಗಿರಲಿಲ್ಲ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇವರಲ್ಲಿ ‘ಗೋರೆ’, ‘ಕಾಳೆ’ ಎಂಬ ಎರಡು ಪಂಗಡ. ಹಡಗಿನಿಂದ ಇಳಿದವರ ನೇರ ಸಂತತಿ ನಾವು ಎನ್ನುವವರು ಗೋರೆ, ಸ್ಥಳೀಯ ಹೆಂಗಸರಲ್ಲಿ ಹುಟ್ಟಿದವರ ಸಂತತಿ ಎನ್ನಿಸಿಕೊಂಡವರು ಕಾಳೆ. ಹೆಣ್ಣು ಕೊಡುವುದಿಲ್ಲ, ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲ, ಮಂದಿರದಲ್ಲೂ ಅವರಿಗೆ ಹಿಂದಿನ ಜಾಗ. ಬಸವಣ್ಣನ ವಾರ ಪಾಲಿಸುವ ನಮ್ಮಲ್ಲಿ ಒಳಪಂಗಡಗಳಿಗೆ ಹೆಣ್ಣು ಕೊಡದವರಿದ್ದಂತೆಯೇ ಇದೂ. 2016ರಲ್ಲಿ ಪ್ರಕಟವಾದ ಒಂದು ಅನುವಂಶೀಯ ಅಧ್ಯಯನ ಬೆನೆ ಇಸ್ರಾಯೇಲರಲ್ಲಿ ಮಧ್ಯಪ್ರಾಚ್ಯದ ಯಹೂದ್ಯರ ರಕ್ತವೂ ಇದೆ, ಇಲ್ಲಿನವರ ರಕ್ತವೂ ಇದೆ ಎಂದು ತೋರಿಸಿತು. ಪತ್ರಿಕೆಗಳು ಮೊದಲ ಅರ್ಧವನ್ನೇ ದೊಡ್ಡಕ್ಷರದಲ್ಲಿ ಹಾಕಿದವು.

1948ರಲ್ಲಿ ಇಸ್ರೇಲ್ ಹುಟ್ಟಿತು. ಆಗ ಭಾರತದಲ್ಲಿ ಸುಮಾರು 20,000 ಬೆನೆ ಇಸ್ರಾಯೇಲರಿದ್ದರು. ಹೊರಟರು. ಅಲ್ಲಿ ಇಳಿದ ಮೇಲೆ ಒಂದು ವಿಚಿತ್ರ ಕಾದಿತ್ತು. 1960ರ ದಶಕದ ಮೊದಲಲ್ಲಿ ಅಲ್ಲಿನ ಧರ್ಮಪೀಠ, ಇವರ ಮದುವೆ, ವಿಚ್ಛೇದನಗಳು ಶಾಸ್ತ್ರಬದ್ಧವಾಗಿ ನಡೆದವೋ ಇಲ್ಲವೋ ತಿಳಿಯದು, ಆದ್ದರಿಂದ ಬೇರೆ ಯಹೂದ್ಯರನ್ನು ಮದುವೆಯಾಗುವ ಮೊದಲು ವಂಶಾವಳಿಯನ್ನು ಪರಿಶೀಲಿಸಬೇಕು ಎಂದಿತು. ಎರಡು ಸಾವಿರ ವರ್ಷ ಎಂದು ಅವರು ನಂಬಿದಷ್ಟು ಕಾಲ ಕೊಂಕಣದಲ್ಲಿ ಯಾವ ದೊರೆಯೂ ಯಾವ ಊರಗೌಡನೂ ಇವರ ಶನಿವಾರವನ್ನು ಪ್ರಶ್ನಿಸಿರಲಿಲ್ಲ. ಪ್ರಶ್ನೆ ಬಂದದ್ದು ಶನಿವಾರವೇ ರಜೆಯಿರುವ ದೇಶದಲ್ಲಿ. ಜೆರುಸಲೇಮಿನ ಬೀದಿಯಲ್ಲಿ ಧರಣಿ ಕೂತರು. ಕಾಕಾ ಅವರ ಅಕ್ಕ, ಬಾವ ಆ ಧರಣಿಯಲ್ಲಿದ್ದರಂತೆ. 1964ರಲ್ಲಿ ಅಲ್ಲಿನ ಸರಕಾರ ಮತ್ತು ಸಂಸತ್ತು, ಬೆನೆ ಇಸ್ರಾಯೇಲರು ಎಲ್ಲ ರೀತಿಯಲ್ಲೂ ಯಹೂದ್ಯರೇ, ಎಂದು ಒಪ್ಪಿದವು.

ಇಂದು ಭಾರತದಲ್ಲಿ ಎಲ್ಲ ಬಗೆಯ ಯಹೂದ್ಯರೂ ಸೇರಿ ಐದು ಸಾವಿರದ ಆಸುಪಾಸು. ಇಸ್ರೇಲಿನಲ್ಲಿ ನೆಲೆಸಿದವರು ‘ಮಾಯ್‌ಬೋಲಿ’ ಎಂಬ ಮರಾಠಿ ಪತ್ರಿಕೆ ನಡೆಸಿದ್ದಾರೆ. ಪರವೂರಿನಲ್ಲಿ ಕೂತು ಕನ್ನಡ ಪತ್ರಿಕೆ ಮಾಡುವ, ಓದುವ ನಮಗೆ ಅದರ ಕಷ್ಟಸುಖವನ್ನು ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಕವಿ ನಿಸ್ಸಿಮ್ ಎಜೆಕಿಯಲ್ ಮಾತ್ರ ಇಲ್ಲೇ ಉಳಿದವರು. ತಮ್ಮ ಬಗ್ಗೆ ಬರೆದ ‘ಬ್ಯಾಕ್‌ಗ್ರೌಂಡ್, ಕ್ಯಾಶುಯಲಿ’ ಎಂಬ ಕವಿತೆಯಲ್ಲಿ ಗಾಣವನ್ನೂ ಕಣ್ಣು ಕಟ್ಟಿದ ಎತ್ತನ್ನೂ ನಾಚಿಕೆಯಿಲ್ಲದೆ ತಂದಿದ್ದಾರೆ. ಕಾಕಾನಿಗೆ ಅದನ್ನು ಓದಿ ಹೇಳಿದಾಗ, ‘ಅವನು ಪ್ರೊಫೆಸರು, ಅವನಿಗೆ ಹೇಳಿಕೊಳ್ಳಬಹುದು’ ಎಂದರು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಒಂದು ಮನೆಯ ಕಾರಣವೂ ಇದೆ. ಎರಡು ವರ್ಷದ ಹಿಂದೆ ನನ್ನ ಮಗ ಪಾಸ್‌ಪೋರ್ಟ್ ನವೀಕರಿಸುವಾಗ ಅಡ್ಡಹೆಸರು ತೆಗೆದು ನನ್ನ ಹೆಸರನ್ನೇ ಕೊನೆಗೆ ಹಾಕಿಕೊಳ್ಳುತ್ತೇನೆ ಎಂದ. ‘ಅಪ್ಪಾ, ಯಾರಿಗೂ ಉಚ್ಚರಿಸಲು ಬರೋದಿಲ್ಲ. ನನಗೆ ಗಾಣ ಹೇಗಿರುತ್ತೆ ಅಂತಾನೂ ಗೊತ್ತಿಲ್ಲ.’ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಾಣ ತಿರುಗಿದ್ದನ್ನು ನಾನೇ ನೋಡಿದವನಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಗುಡಿಯ ನಂದಾದೀವಿಗೆಗೆ ಎಣ್ಣೆ ಬಿಟ್ಟುಕೊಟ್ಟ ತೆಲ್ಲಿಗರ ಐವತ್ತೊಕ್ಕಲು ಎಂಬ ಮಾತು ಬರುತ್ತದೆ, ಅದು ನಮ್ಮವರದು ಎಂದು ಹೇಳಲು ಹೋದೆ. ಅವನು ಮೊಬೈಲಿನಿಂದ ತಲೆ ಎತ್ತಿ ಮರ್ಯಾದೆಗೆ ಕೇಳಿಸಿಕೊಂಡ. ಬಾವಿಕಟ್ಟೆಯ ಕಲ್ಲಿನ ನೆನಪಾಯಿತು. ಬಯ್ಯಲಿಲ್ಲ.

ಆಗಲೇ ಕಾಕಾನಿಗೆ ಫೋನು ಮಾಡಿ, ನವಗಾಂವ್ ನೋಡಬೇಕು ಎಂದೆ. ಅವರಿಗೆ ಎಂಬತ್ತು ದಾಟಿದೆ, ಮಂಡಿ ನೋವು. ಆದರೂ ಬಂದರು. ಲಾಂಚಿನಲ್ಲಿ ಮಾಂಡವಾ, ಅಲ್ಲಿಂದ ರಿಕ್ಷಾ. ಅಲಿಬಾಗ್ ಎಂದರೆ ಎಲಿ ಎಂಬ ನಮ್ಮವನೊಬ್ಬನ ತೋಟ, ಅವನ ಮಾವು, ತೆಂಗು, ಎಂದು ಅವರು ದಾರಿಯುದ್ದಕ್ಕೂ ಹೇಳಿದರು. ಅಲ್ಲಿ ಅಲಿ ಎಂಬ ಮುಸಲ್ಮಾನನ ತೋಟ ಎನ್ನುವವರೂ ಇದ್ದಾರಲ್ಲ ಎಂದರೆ, ‘ಇರಲಿ ಬಿಡು, ತೋಟ ಇತ್ತಲ್ಲ’ ಎಂದರು. ಹತ್ತಿರದ ಖಂಡಾಲೆಗೂ ಹೋಗಬೇಕೆಂದಿತ್ತು. ಘಟ್ಟದ ಮೇಲಿನದಲ್ಲ, ಅಲಿಬಾಗಿನ ಹಳ್ಳಿ ಖಂಡಾಲೆ. ಅಲ್ಲಿನ ಬಂಡೆಯ ಮೇಲೆ ಪ್ರವಾದಿ ಎಲಿಯಾಹುವಿನ ರಥದ ಗುರುತು ಇದೆ ಎಂದು ನಂಬಿ ಮಲೀದಾ, ಅಂದರೆ ಕಾಯಿ, ಸಕ್ಕರೆ ಬೆರೆಸಿದ ಅವಲಕ್ಕಿ, ಹಣ್ಣು ಇಟ್ಟು ಹರಕೆ ಒಪ್ಪಿಸುತ್ತಾರೆ. ಮಂಡಿ ಬಿಡಲಿಲ್ಲ, ನೇರ ನವಗಾಂವಿಗೇ ಹೋದೆವು.

ಊರ ಹೊರಗೆ ದಾರಿ ಕವಲೊಡೆದಲ್ಲಿ ಕಾಕಾನಿಗೂ ಗೊಂದಲವಾಯಿತು. ಕೊನೆಯ ಸಲ ಬಂದಾಗ ಆ ಬಂಗಲೆಗಳಿರಲಿಲ್ಲವಂತೆ. ಜಗುಲಿಯ ಮೇಲೆ ಮೀನು ಹರವುತ್ತಿದ್ದ ಒಬ್ಬ ಮುದುಕಿಯನ್ನು ಕೇಳಿದೆ, ಆಯೀ, ಯಹೂದ್ಯರ ಸ್ಮಶಾನ ಎಲ್ಲಿ? ಅವಳಿಗೆ ತಿಳಿಯಲಿಲ್ಲ. ಇಸ್ರಾಯೇಲಿಗಳದು ಎಂದೆ. ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ‘ಶನ್ವಾರ್ ತೇಲ್ಯಾಂಚ ಕಾ?’ ಎಂದಳು.

ನಾನು ಕಾಕಾನ ಮುಖ ನೋಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ಹೋಯ್ ಆಯೀ, ಆಮಚಂಚ’ ಎಂದರು. ಹೌದು, ನಮ್ಮದೇ.

ಅವಳು ತೆಂಗಿನ ಸಾಲಿನ ಕಡೆ ಕೈ ತೋರಿಸಿದಳು. ನಾವು ತಿರುಗುವಷ್ಟರಲ್ಲಿ, ನನ್ನ ಅತ್ತೆ ಹೇಳುತ್ತಿದ್ದಳು, ನಿಮ್ಮವರ ಎಣ್ಣೆಯಂಥ ಎಣ್ಣೆ ಆಮೇಲೆ ಈ ಕಡೆ ಬರಲೇ ಇಲ್ಲವಂತೆ, ಎಂದಳು. ಕಾಕಾ ಕೋಲು ಊರಿಕೊಂಡು ಮುಂದೆ ನಡೆಯುತ್ತಿದ್ದರು. ಎರಡು ದಿಬ್ಬಗಳ ಹತ್ತಿರ ಹೋಗುವವರೆಗೂ ಅವರು ಏನೂ ಮಾತಾಡಲಿಲ್ಲ.